ಸುಧಾ ಎಂಬ ಹೆಸರಿದ್ದರೆ

ಹರಿಹರ
8 ಜುಲೈ 2024

ಶಾಂತಲಾ,

ಮೈಲಪ್ಪನ ಆಟೊದಲ್ಲಿ ಕೌದಿ ಕಳಿಸುತ್ತಿದ್ದೇನೆ. ನೀಲಿ ಅಂಚಿನದು ತೊಟ್ಟಿಲಿಗೆ, ಕೆಳಗಿರುವ ದೊಡ್ಡದು ಮಂಚಕ್ಕೆ. ಬೆಳಿಗ್ಗೆಯಿಂದ ಮೋಡ ಕಟ್ಟಿದೆ. ಪ್ಲಾಸ್ಟಿಕ್ ಸುತ್ತಿದ್ದೇನೆ, ಆದರೂ ಅವನು ದಾರಿಯಲ್ಲಿ ಚಹಾ ಕುಡಿಯುತ್ತ ನಿಂತರೆ ಗಂಟು ನೆನೆಯುತ್ತದೆ ಎಂದು ನನಗೆ ಈಗಿನಿಂದಲೇ ಒಂದೇ ಚಿಂತೆ. ಬಿಚ್ಚಿದ ಕೂಡಲೇ ಮೂಸಿ ನೋಡು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನ್ ಮಾಡಿದರೆ ನಿನ್ನ ಹಿಂದೆ ಸುಧಾ ನಗುವುದು ಕೇಳಿಸುತ್ತದೆ, ನನಗೆ ಹೇಳಬೇಕಾದ್ದು ಮರೆತುಹೋಗುತ್ತದೆ. ನಾನು ಎಂಟನೆಯ ತರಗತಿ ಅರ್ಧಕ್ಕೆ ಬಿಟ್ಟವಳು, ತಪ್ಪು ಇರಬಹುದು. ಆದರೆ ಬರೆಯುವಾಗ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಗಂಟು ಹೇಗೂ ನಿನ್ನ ಅಂಗಡಿಗೆ ಬರುತ್ತದೆ, ಅದರೊಳಗೆ ಇದೂ ಬರಲಿ.

ಮೈಲಪ್ಪ ಮೊನ್ನೆ ಒಂದು ಮಾತು ಹೇಳಿದ. "ಕರಿಯವ್ವನ ಸೀರೆ ಗಂಟು ಅಂಗಡ್ಯಾಗ ಐತಿ ಅಕ್ಕ, ಸುಧಾ ಹೊಲಿಯಾಕ ಕುಂತಾಳ" ಎಂದ. ಅವನಿಗೆ ಅದು ಸುಮ್ಮನೆ ಸುದ್ದಿ. ನಾನು ಹಿಡಿದಿದ್ದ ಚೊಂಬು ಅಲ್ಲೇ ಇಟ್ಟೆ.

ಕರಿಯವ್ವ ಯಾರು ಎಂದು ನಿನಗೆ ಹೇಳಬೇಕೆ? ನಾನು ಮೊದಲ ಸಲ ಹೊರಗಿನವರಿಗೆ ಎಂದು ಹೊಲಿದ ಕೌದಿ ಆ ತಾಯಿಯ ಮಂಚದ ಮೇಲಿತ್ತು. ಸಾಯುವ ತನಕ ಅದನ್ನೇ ಹೊದ್ದಳು ಎಂದು ಮಗಳು ರೇಖಾ ಹೇಳಿದ್ದು ನಿನ್ನ ಮುಂದೆಯೇ. ಅವ್ವನ ಸೀರೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಮಾಡಿಸುತ್ತೇನೆ ಅಂದಿದ್ದಳು. ಆ ಸೀರೆಗೆ ಸುಧಾ ಹೇಗೆ ಕತ್ತರಿ ಹಾಕಿದಳು? ಅವಳು ಕರಿಯವ್ವನ ಮುಖ ಸಹ ಕಂಡವಳಲ್ಲ.

ಇನ್ನೊಂದು. ವೆಬ್‌ಸೈಟ್ ಮಾಡಿಸಿದಾಗ ಹೊಲಿಯುವ ನಮ್ಮ ಮೂವರಿಗೂ, ನನಗೆ, ನಾಗಕ್ಕನಿಗೆ, ಸುಧಾಗೆ, ಒಂದೊಂದು ಮೇಲ್ ಡಬ್ಬಿ ಕೊಟ್ಟೆ. ಯಾರ ಕೈಯ ಕೌದಿ ಬೇಕೋ ಗಿರಾಕಿ ಅವರ ಹೆಸರಿಗೆ ಗುರುತು ಹಾಕಿದರೆ ಪತ್ರ ಅವರ ಡಬ್ಬಿಗೇ ಬೀಳುತ್ತದೆ ಎಂದೆ. ಯುಗಾದಿ ಕಳೆದ ಮೇಲೆ ನನ್ನದಕ್ಕೆ ಯಾರೂ ಬರೆದಿಲ್ಲ. ಒಲೆಯ ಮೇಲೆ ಹಾಲಿಟ್ಟು ನೋಡುತ್ತೇನೆ, ಬಟ್ಟೆ ಒಣಗಹಾಕಿ ಬಂದು ನೋಡುತ್ತೇನೆ. ಖಾಲಿ. ವೆಬ್‌ಸೈಟಿನ ಮೊದಲ ಪುಟದಲ್ಲಿ ಸುಧಾಳ ಫೋಟೊ ಹಾಕಿದ್ದಕ್ಕೋ ಏನೋ. ನನ್ನ ಫೋಟೊ ಕೆಳಗೆ ಎಳೆದರೆ ಸಿಗುತ್ತದೆ, ಅದೂ ಕಣ್ಣು ಮುಚ್ಚಿದ್ದು.

ಅದೇನು ಕೆಟ್ಟಿದೆಯೋ ನೋಡಿಸು.

ಸರೋಜಾ


ಪಿ.ಜೆ. ಬಡಾವಣೆ, ದಾವಣಗೆರೆ
11 ಜುಲೈ 2024

ಸರೋಜಕ್ಕನಿಗೆ ನಮಸ್ಕಾರ.

ಕೌದಿ ನೆನೆದಿಲ್ಲ, ಮೂಸಿಯೂ ನೋಡಿದೆ. ನೀಲಿ ಅಂಚಿನದನ್ನು ಬಂದವರೆಲ್ಲ ಮುಟ್ಟಿ ಹೋಗುತ್ತಿದ್ದಾರೆ.

ನಿಮ್ಮ ಮೇಲ್ ವಿಷಯ. ಬೆಳಿಗ್ಗೆ ನಾನೇ ನಿಮಗೊಂದು ಟೆಸ್ಟ್ ಮೇಲ್ ಕಳಿಸಿದೆ, "ಅಕ್ಕಾ, ತಿಂಡಿ ಆಯಿತಾ" ಎಂದು. ಆಯಿತು ಎಂದು ನಿಮ್ಮಿಂದ ಆಗಲೇ ಉತ್ತರ ಬಂತು. ಅಂದರೆ ಡಬ್ಬಿ ಸರಿಯಾಗಿದೆ. ನಮ್ಮ ವೆಬ್‌ಸೈಟಿನ ಹೋಸ್ಟಿಂಗ್ ನೋಡಿಕೊಳ್ಳುವ ಅಂಜನ್ ಕುಮಾರ್ ಅವರೂ ಹಾಗೇ ಹೇಳಿದರು. ಒಮ್ಮೆ ಸ್ಪ್ಯಾಮ್ ಎಂದಿರುವ ಜಾಗದಲ್ಲಿ ನೋಡಿ, ಬೇಡದ ಪತ್ರ ಎಂದುಕೊಂಡು ಅಲ್ಲಿಗೆ ತಳ್ಳಿರುತ್ತದೆ ಕೆಲವು ಸಲ.

ಕರಿಯವ್ವನ ಸೀರೆಗಳನ್ನು ರೇಖಾ ಅವರೇ ತಂದು ಸುಧಾಗೆ ಕೊಟ್ಟರು. ನಾನು ಕೊಡಿಸಿದ್ದಲ್ಲ.

ಒಂದು ಕೇಳಲೇ? ಹರಿಹರದಲ್ಲಿ ಹೊಸದಾಗಿ ಬಟ್ಟೆ ಶೋರೂಮ್ ಆಗಿದೆಯಂತಲ್ಲ, ಅಲ್ಲಿಯೂ ಕೌದಿ ಇಟ್ಟಿದ್ದಾರಂತೆ. ಯಾರು ಹೊಲಿಯುತ್ತಾರೆ, ನಿಮಗೆ ಗೊತ್ತೇ?

ಶಾಂತಲಾ


ಹರಿಹರ
15 ಜುಲೈ 2024

ಶಾಂತಲಾ ಮೇಡಂ ಅವರಿಗೆ,

ಸ್ಪ್ಯಾಮ್ ನೋಡಿದೆ. ಅಲ್ಲಿ ನನಗೆ ಲಾಟರಿ ಹೊಡೆದಿದೆ ಎಂದು ಯಾರೋ ಬರೆದಿದ್ದಾರೆ. ಗಿರಾಕಿ ಯಾರೂ ಇಲ್ಲ.

ಡಬ್ಬಿ ಸರಿಯಾಗಿದೆ ಎಂದು ಬರೆದಿದ್ದೀರಿ. ಡಬ್ಬಿ ಸರಿಯಿದ್ದು ಪತ್ರ ಬರುವುದಿಲ್ಲ ಎಂದರೆ ಅದರ ಅರ್ಥ ನನ್ನನ್ನು ಯಾರೂ ಕೇಳುತ್ತಿಲ್ಲ ಎಂದು. ಅದನ್ನು ನೇರವಾಗಿ ಹೇಳಬಹುದಿತ್ತು, ತಿಂಡಿ ಆಯಿತಾ ಎಂದು ಕೇಳುವ ಬದಲು. ಆ ಮೇಲ್ ಬಂದಾಗ ಗಿರಾಕಿಯೇ ಬರೆದಿದ್ದಾರೆ ಎಂದುಕೊಂಡು ಕೈ ಒರೆಸಿಕೊಂಡು ಓಡಿಬಂದೆ. ತೆರೆದರೆ ನಿಮ್ಮ ತಿಂಡಿ.

ಸುಧಾ ಬಿ.ಎ. ಓದಿದವಳು, ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಬರೆಯಬಲ್ಲಳು, ಸ್ಕೂಟಿ ಹತ್ತಿ ನಿಜಲಿಂಗಪ್ಪ ಬಡಾವಣೆಯಿಂದ ಕರೆದ ಕೂಡಲೇ ಬರುತ್ತಾಳೆ. ನಾನು ಹಾಗೆ ಬರಲಾರೆ. ಕೌದಿ ನೋಡುವವರು ಸ್ಕೂಟಿ ಏಕೆ ನೋಡುತ್ತಾರೋ ತಿಳಿಯದು.

ಶೋರೂಮ್ ವಿಷಯ ನನಗೇನು ಗೊತ್ತು. ಒಳಗೆ ಕಾಲಿಟ್ಟಿಲ್ಲ.

ಸರೋಜಾ


ದಾವಣಗೆರೆ
18 ಜುಲೈ 2024

ಸರೋಜಾ ಅವರಿಗೆ,

ನೀವು ಮೇಡಂ ಎಂದು ಬರೆದದ್ದು ಓದಿ ನನಗೆ ಬೇಸರವಾಯಿತು. ಆದ್ದರಿಂದ ನಾನೂ ನೇರ ಬರೆಯುತ್ತೇನೆ.

ನಿಮ್ಮ ಗಿರಾಕಿಗಳು ಅಂಗಡಿಗೆ ಫೋನ್ ಮಾಡುತ್ತಿದ್ದಾರೆ. ಸರೋಜಾ ಅವರಿಗೆ ಬರೆದೆವು, ಉತ್ತರವೇ ಇಲ್ಲ, ಅವರು ಈಗ ಹೊಲಿಯುವುದು ಬಿಟ್ಟರೇ ಎಂದು ಕೇಳುತ್ತಾರೆ. ರೇಖಾ ಅವರು ಒಂದು ಸಲ ಅಲ್ಲ, ಮತ್ತೆ ಮತ್ತೆ ಬರೆದರಂತೆ. ಕೊನೆಗೆ ಗಂಟು ಹೊತ್ತುಕೊಂಡು ಎಂ.ಸಿ.ಸಿ. ಬಿ ಬ್ಲಾಕಿನಿಂದ ಅವರೇ ಬಂದರು. ನನ್ನ ಮುಂದೆ ಕೂತು, "ಸರೋಜಕ್ಕಗ ನಮ್ಮ ಅವ್ವ ನೆನಪಿಲ್ಲೇನೋ ಬಿಡ್ರಿ" ಎಂದರು. ಸುಧಾ ಪಕ್ಕದಲ್ಲಿದ್ದಳು, ಅವಳಿಗೆ ಕೊಟ್ಟರು.

ನನ್ನ ಟೆಸ್ಟ್ ಮೇಲಿಗೆ ನೀವು ತಕ್ಷಣ ಉತ್ತರ ಬರೆದಿರಿ. ಅಂದರೆ ನೋಡುತ್ತಲೇ ಇರುತ್ತೀರಿ. ನನಗೆ ಉತ್ತರ ಬರುತ್ತದೆ, ಗಿರಾಕಿಗೆ ಬರುವುದಿಲ್ಲ ಎಂದರೆ ನಾನು ಏನೆಂದುಕೊಳ್ಳಲಿ? ನಿಮ್ಮ ಪಡಸಾಲೆಯಲ್ಲಿ ನಮ್ಮದಲ್ಲದ ಬಟ್ಟೆ ಗಂಟು ಇತ್ತು ಎಂದು ಮೈಲಪ್ಪ ಹೇಳಿದ. ಶೋರೂಮಿನವರಿಗೆ ಹೊಲಿಯುವುದಿದ್ದರೆ ಹೊಲಿಯಿರಿ, ತಡೆಯಲು ನಾನು ಯಾರು. ಆದರೆ ನನಗೆ ಮೊದಲು ಹೇಳುತ್ತೀರಿ ಎಂದುಕೊಂಡಿದ್ದೆ. ನಾವು ಇಬ್ಬರೇ ಇದ್ದಾಗಿನಿಂದ ಜೊತೆಗಿದ್ದೇವೆ.

ಶಾಂತಲಾ


ಹರಿಹರ
20 ಜುಲೈ 2024

ಶಾಂತಲಾ,

ಆ ಗಂಟು ನನ್ನ ಅತ್ತೆ ಹಂಪವ್ವನದು. ಹಳೆಯ ಸೀರೆ, ಪಂಚೆ ಒಟ್ಟು ಮಾಡಿಟ್ಟಿದ್ದಾಳೆ, ಪಾತ್ರೆಯವನು ಬಂದರೆ ಸ್ಟೀಲ್ ಬುಟ್ಟಿ ತಗೊಳ್ಳುತ್ತಾಳಂತೆ. ಬೇಕಾದರೆ ಮೈಲಪ್ಪನನ್ನು ಕಳಿಸು, ಬಿಚ್ಚಿ ತೋರಿಸುತ್ತಾಳೆ. ಬೈಗುಳವನ್ನೂ ಸೇರಿಸಿ ತೋರಿಸುತ್ತಾಳೆ.

ರೇಖಾ ಹಾಗೆ ಅಂದಳೇ? ನನಗೆ ಕರಿಯವ್ವ ನೆನಪಿಲ್ಲವೆಂದು? ನಿನ್ನ ಪತ್ರ ಓದಿದ ಮೇಲೆ ಅನ್ನಕ್ಕೆ ಇಟ್ಟು ಅಕ್ಕಿ ಹಾಕುವುದು ಮರೆತೆ. ಅವಳು ಬರೆದಳು, ನನಗೆ ಬರಲಿಲ್ಲ. ನನ್ನ ಮಾತು ನೀನು ನಂಬುವುದಿಲ್ಲ. ನಂಬಿಸಲು ನನ್ನ ಹತ್ತಿರ ಏನೂ ಇಲ್ಲ. ಬಾರದ ಪತ್ರವನ್ನು ತೋರಿಸುವುದು ಹೇಗೆ?

ಹೊಟ್ಟೆಕಿಚ್ಚು ಇದೆ, ಇಲ್ಲವೆನ್ನುವುದಿಲ್ಲ. ಮೊದಲೆಲ್ಲ ಗಿರಾಕಿಗೆ ಕೌದಿ ಬಿಡಿಸುವಾಗ ನೀನು ನನ್ನನ್ನು ಕರೆಯುತ್ತಿದ್ದೆ, ಈಗ ಅವಳನ್ನು ಕರೆಯುತ್ತೀಯ. ನನಗೆ ಇಲ್ಲಿ ಕೂತೇ ಅದು ಗೊತ್ತಾಗುತ್ತದೆ. ಆದರೆ ಕಿಚ್ಚಿಗೆ ಗಿರಾಕಿಯ ಪತ್ರ ನುಂಗಿ ಕೂರುವವಳಲ್ಲ ನಾನು.

ಒಂದು ಕೆಲಸ ಮಾಡು. ನಿನ್ನ ಹೆಸರಿನಿಂದ ತಿಂಡಿ ಆಯಿತಾ ಎಂದು ಬರೆಯಬೇಡ. ಗಿರಾಕಿ ಹೇಗೆ ಬರೆಯುತ್ತಾರೋ ಹಾಗೆಯೇ ವೆಬ್‌ಸೈಟಿನ ಫಾರ್ಮಿನಲ್ಲಿ ನನ್ನ ಹೆಸರಿಗೆ ಗುರುತು ಹಾಕಿ ಬರೆದು ನೋಡು. ಬಂದರೆ ನಾನು ಸುಳ್ಳಿ, ನನ್ನ ಹತ್ತಿರ ಉಳಿದ ಬಟ್ಟೆ, ದಾರ ಎಲ್ಲ ಮೈಲಪ್ಪನ ಕೈಲಿ ಕಳಿಸಿಬಿಡುತ್ತೇನೆ, ಆ ಮೇಲೆ ನಿನ್ನ ಅಂಗಡಿಯ ಹೆಸರು ಎತ್ತುವುದಿಲ್ಲ.

ಸರೋಜಾ


ದಾವಣಗೆರೆ
24 ಜುಲೈ 2024

ಸರೋಜಕ್ಕ,

ನೀವು ಹೇಳಿದ ಹಾಗೆಯೇ ಮಾಡಿದೆ. ಫಾರ್ಮಿನಲ್ಲಿ ನಿಮ್ಮ ಹೆಸರಿಗೆ ಗುರುತು ಹಾಕಿ ಕಳಿಸಿದೆ. ನಿಮಗೆ ಬಂದಿಲ್ಲ, ನನಗೆ ಗೊತ್ತು. ಅದೇ ಫಾರ್ಮಿನಲ್ಲಿ ನಾಗಕ್ಕನ ಹೆಸರಿಗೆ ಗುರುತು ಹಾಕಿದರೆ ಅವರಿಗೆ ಹೋಯಿತು. ಅಂದರೆ ಫಾರ್ಮ್ ಸರಿ ಇದೆ, ನಿಮ್ಮ ಡಬ್ಬಿಯೂ ಸರಿ ಇದೆ, ನಡುವೆ ಏನೋ ಇದೆ. ಅಂಜನ್ ಕುಮಾರ್ ಅವರನ್ನು ಅಂಗಡಿಗೇ ಕರೆಸಿದೆ.

ಅವರು ಹೋಸ್ಟಿಂಗ್ ಖಾತೆಯೊಳಗೆ ಹೋಗಿ ಪತ್ರಗಳು ಬಂದು ಹೋದ ದಾಖಲೆ ತೆಗೆದರು. ಗಿರಾಕಿಗಳು ಬರೆದದ್ದೆಲ್ಲ ನಿಮ್ಮ ಡಬ್ಬಿಯ ಬಾಗಿಲ ತನಕ ಬಂದಿದೆ. ಬಾಗಿಲಲ್ಲಿ ಒಂದು ಫಿಲ್ಟರ್ ಅದನ್ನು ಹಿಡಿದು ಎಸೆದಿದೆ. ಆ ಫಿಲ್ಟರ್ ನಾವು ಹಾಕಿದ್ದಲ್ಲ, ನಿಮ್ಮ ಡಬ್ಬಿಯ ಒಳಗಿನಿಂದ ಹಾಕಿದ್ದು. ಅದರ ಹೆಸರು "ನೆಮ್ಮದಿ". ಅಂಜನ್ ಕುಮಾರ್ ಗಟ್ಟಿಯಾಗಿ ಓದಿದರು: ಪತ್ರದಲ್ಲಿ ಎಲ್ಲಿಯಾದರೂ ಸುಧಾ ಎಂಬ ಹೆಸರಿದ್ದರೆ ಎಸೆದುಬಿಡು.

ನಮ್ಮ ಫಾರ್ಮಿನಲ್ಲಿ ಮೂವರ ಹೆಸರೂ ಅಚ್ಚಾಗಿರುತ್ತದೆ ಅಕ್ಕ. ಗಿರಾಕಿ ಗುರುತು ಹಾಕುವುದು ಒಂದಕ್ಕೆ, ಆದರೆ ಪತ್ರದ ಜೊತೆ ಮೂರೂ ಹೋಗುತ್ತವೆ. ನಿಮ್ಮನ್ನು ಬೇಕೆಂದು ಬರೆದ ಪ್ರತಿ ಪತ್ರದ ಬುಡದಲ್ಲೂ ಸುಧಾ ಹೆಸರಿತ್ತು. ನನ್ನ ತಿಂಡಿಯಲ್ಲಿ ಇರಲಿಲ್ಲ, ಅದಕ್ಕೇ ಅದು ಬಂತು.

ಎಸೆದದ್ದನ್ನು ಮತ್ತೆ ತರಲು ಆಗುವುದಿಲ್ಲ ಎಂದು ಅಂಜನ್ ಕುಮಾರ್ ಹೇಳಿದರು. ಬೇರೆ ಕಡೆ ಸರಿಸಿಟ್ಟಿದ್ದರೆ ಸಿಗುತ್ತಿತ್ತಂತೆ. ಫಾರ್ಮಿನಲ್ಲಿ ಬರೆದದ್ದರಿಂದ ಗಿರಾಕಿಯ ಹತ್ತಿರವೂ ಪ್ರತಿ ಉಳಿದಿರುವುದಿಲ್ಲ. ಫಿಲ್ಟರ್ ತೆಗೆಸಿದ್ದೇನೆ.

ಓದುವಾಗ ಸುಧಾ ಅಲ್ಲೇ ಇದ್ದಳು.

ಶಾಂತಲಾ


ದಾವಣಗೆರೆ
5 ಆಗಸ್ಟ್ 2024

ಸರೋಜಕ್ಕ,

ಮೈಲಪ್ಪ ಎರಡು ಸಲ ಬರಿಗೈಯಲ್ಲಿ ಬಂದ. ನೀವು ಬಾಗಿಲಿಗೆ ಬರಲೇ ಇಲ್ಲವಂತೆ, ಹಂಪವ್ವನವರು "ಆಕಿಗೆ ತಲಿನೋವು, ಹೋಗಪ್ಪ" ಎಂದರಂತೆ. ನಾನು ಫೋನ್ ಮಾಡಿದರೂ ಎತ್ತುತ್ತಿಲ್ಲ.

ಶೋರೂಮಿನ ಮಾತು ನಾನು ಎತ್ತಬಾರದಿತ್ತು. ನೀವು ಇನ್ನೊಬ್ಬರಿಗೆ ಹೊಲಿಯುತ್ತೀರಿ ಎಂದುಕೊಂಡ ದಿನದಿಂದ ನನಗೂ ಊಟ ರುಚಿಸುತ್ತಿರಲಿಲ್ಲ. ಸುಧಾಳನ್ನು ಯಾರಾದರೂ ಹೊಗಳಿ ಬರೆದದ್ದನ್ನು ನಿಮ್ಮ ಮೂವರಿಗೂ ಕಳಿಸುತ್ತಿದ್ದೆನಲ್ಲ, ಹುರುಪು ಬರಲಿ ಎಂದು. ಹುರುಪಿನ ಬದಲು ನಿಮಗೆ ಏನು ಬರುತ್ತಿತ್ತು ಎಂದು ಈಗ ತಿಳಿಯಿತು.

ರೇಖಾ ಅವರಿಗೆ ಫೋನ್ ಮಾಡಿ ಪತ್ರ ತಲುಪಲಿಲ್ಲ ಎಂದು ಹೇಳಿದೆ, ಯಾಕೆ ಎಂಬುದನ್ನು ಹೇಳಲಿಲ್ಲ. ಕರಿಯವ್ವನ ವರ್ಷದ ಕಾರ್ಯ ಈ ತಿಂಗಳ ಕೊನೆಗೆ. ಅಷ್ಟರೊಳಗೆ ಕೌದಿ ಬೇಕು.

ಇಲ್ಲಿ ಅದು ನಿಂತುಹೋಗಿದೆ. ಆವತ್ತು ಅಂಜನ್ ಕುಮಾರ್ ಹೋದ ಮೇಲೆ ಸುಧಾ ಸೂಜಿಯಿಂದ ದಾರ ತೆಗೆದು ರೀಲಿಗೆ ಸುತ್ತಿದಳು, ಕೌದಿ ಮಡಚಿದಳು. "ಇದು ಸರೋಜಕ್ಕಗ ಬಂದಿದ್ದು ಮೇಡಂ. ನಾನಿದಕ್ಕ ಇನ್ನ ಸೂಜಿ ಹಾಕಲ್ಲ" ಎಂದಳು. ಅಂಚಿನ ಸುತ್ತ ಕೆಲವು ಸಾಲು ಮುಗಿದಿದೆ ಅಷ್ಟೇ. ನಾಗಕ್ಕನಿಗೆ ಕೇಳಿದರೆ, ಮತ್ತೊಬ್ಬರು ಹಿಡಿದದ್ದನ್ನು ಮುಟ್ಟುವುದಿಲ್ಲ ಎಂದರು.

ಗಂಟನ್ನು ನಿಮಗೇ ಕಳಿಸಲೇ? ಅವಳ ಸಾಲು ಬಿಚ್ಚಿ ಮೊದಲಿನಿಂದ ಹೊಲಿಯುತ್ತೀರೋ, ಮುಂದುವರಿಸುತ್ತೀರೋ, ನಿಮ್ಮಿಷ್ಟ. ಉತ್ತರ ಬರೆಯಿರಿ ಅಕ್ಕ.

ಶಾಂತಲಾ


ಹರಿಹರ
9 ಆಗಸ್ಟ್ 2024

ಶಾಂತಲಾ,

ತಲೆನೋವು ಇತ್ತು. ಸುಳ್ಳಲ್ಲ.

ಆ ಫಿಲ್ಟರ್ ಹಾಕಿದ್ದು ನಮ್ಮ ಬೀದಿಯ ಸೈಬರ್ ಅಂಗಡಿಯ ನೌಮಾನ್. ಅವನ ತಪ್ಪೇನೂ ಇಲ್ಲ. ಯುಗಾದಿ ಆದ ಮೇಲೆ ಒಂದು ದಿನ ನೀನು ಸುಧಾಳನ್ನು ಹೊಗಳಿದ್ದು ಕಳಿಸಿದೆ, ಸಂಜೆ ಮತ್ತೊಂದು ಕಳಿಸಿದೆ. "ಇಂಥ ಕೈ ನಾವು ಕಂಡಿಲ್ಲ" ಎಂದು ಯಾರೋ ಬರೆದಿದ್ದರು. ಅಂಥ ಕೈ ಅವರು ಕಂಡಿಲ್ಲವಂತೆ. ನನ್ನ ಕೌದಿಯನ್ನೇ ಹೊದ್ದು ಕೂತು ಬರೆದಿರಬಹುದು. ಸೀದಾ ಎದ್ದು ಹೋಗಿ ನೌಮಾನನಿಗೆ, "ಸುಧಾ ಅಂತ ಇದ್ರ ನನಗ ಬರಬಾರದು ನೋಡಪ್ಪ" ಎಂದೆ. ಅವನು ಇಡಲೋ ಎಸೆಯಲೋ ಎಂದು ಕೇಳಿದ. ಎಸಿ ಅಂದೆ. ಇದಕ್ಕೊಂದು ಹೆಸರು ಕೇಳುತ್ತದೆ ಅಕ್ಕ ಎಂದ. ಆಗ ಬಾಯಿಗೆ ಬಂದದ್ದು ಹೇಳಿದೆ.

ಅವಳದು ಬೇಡ ಎಂದೆ. ನನ್ನದನ್ನೂ ಎಸಿ ಎಂದು ನಾನು ಯಾರಿಗೆ ಹೇಳಿದ್ದೆ? ಮನುಷ್ಯರಾಗಿದ್ದರೆ ಕೇಳುತ್ತಿದ್ದರು, ಇದರಲ್ಲಿ ನಿಮ್ಮ ಹೆಸರೂ ಇದೆಯಲ್ಲ, ಏನು ಮಾಡಲಿ ಎಂದು. ಅದಕ್ಕೆ ಅಷ್ಟೂ ತಿಳಿಯುವುದಿಲ್ಲ. ಅಷ್ಟು ದಿನ ನಾನು ಖಾಲಿ ಡಬ್ಬಿ ನೋಡಿ ಅವಳನ್ನು ಬೈದೆ, ನಿನ್ನನ್ನು ಬೈದೆ. ಅತ್ತ ನನ್ನ ಬಾಗಿಲಲ್ಲೇ ನನ್ನ ಪತ್ರಗಳು ಬೀಳುತ್ತಿದ್ದವು. ರೇಖಾ ಏನು ಬರೆದಿದ್ದಳೋ.

ಸುಧಾ ಅಲ್ಲೇ ಇದ್ದಳು ಎಂದು ಕೊನೆಗೆ ಒಂದು ಸಾಲು ಬರೆದೆಯಲ್ಲ, ಅದನ್ನು ಬಿಟ್ಟಿದ್ದರೆ ನಾನು ಮೊದಲೇ ಬಾಗಿಲಿಗೆ ಬರುತ್ತಿದ್ದೆ.

ಈಗ ಕೇಳು. ಕೌದಿ ಕಳಿಸಬೇಡ. ಅವಳ ಸಾಲು ಬಿಚ್ಚಿದರೆ ಹಳೆಯ ಸೀರೆ, ಸೂಜಿ ಹೋದಲ್ಲೆಲ್ಲ ತೂತು ಉಳಿಯುತ್ತದೆ, ಕರಿಯವ್ವನ ಬಟ್ಟೆಗೆ ನಾನು ಅದನ್ನು ಮಾಡಲಾರೆ. ಬಿಚ್ಚದೆ ಮುಂದುವರಿಸಿದರೆ ಅವಳ ಸಾಲಿನ ಪಕ್ಕ ನನ್ನದು ಅವಳಿಗಿಂತ ಚೆನ್ನಾಗಿರಬೇಕು ಎಂದು ಹೊಲಿಯುತ್ತೇನೆ, ಆಗ ಕೈ ಬಿಗಿಯಾಗಿ ಬಟ್ಟೆ ಸುಕ್ಕುಗಟ್ಟುತ್ತದೆ. ನನ್ನ ಕೈ ನನಗೆ ಗೊತ್ತು. ಹಾಗೆಂದು ಅವಳೊಬ್ಬಳೇ ಮುಗಿಸುವುದನ್ನೂ ಸಹಿಸಲಾರೆ.

ಕೌದಿ ಜೊತೆಗೆ ಅವಳನ್ನೂ ಕಳಿಸು. ನನ್ನ ಪಡಸಾಲೆಯಲ್ಲಿ ಹಾಸಿ, ಎದುರುಬದುರು ಕೂತು ಇಬ್ಬರೂ ಹೊಲಿಯೋಣ. ನನ್ನ ಕಣ್ಣ ಮುಂದೆ ಹೊಲಿಯಲಿ.

ಸರೋಜಾ


ದಾವಣಗೆರೆ
12 ಆಗಸ್ಟ್ 2024

ಸರೋಜಕ್ಕ,

ಸುಧಾಗೆ ಹೇಳಿದೆ. ಮೊದಲು ಆಗಲ್ಲ ಎಂದಳು. ಆಮೇಲೆ, "ಬೈದ್ರ ಎದ್ದು ಬರ್ತೀನಿ ನೋಡ್ರಿ" ಎಂದು ಒಪ್ಪಿದಳು. ಗುರುವಾರ ಬೆಳಿಗ್ಗೆ ಬರುತ್ತಾಳೆ. ಮೈಲಪ್ಪನ ಆಟೊದಲ್ಲೇ ಬರುತ್ತಾಳೆ, ಸ್ಕೂಟಿಯಲ್ಲಿ ಬೇಡ ಎಂದು ನಾನೇ ಹೇಳಿದೆ.

ಬೈಯಬೇಡಿ ಎಂದು ಬರೆಯಬೇಕೆಂದಿದ್ದೆ. ಬರೆದರೆ ಅದಕ್ಕೇ ಬೈಯುತ್ತೀರಿ.

ಶಾಂತಲಾ


ಹರಿಹರ
30 ಆಗಸ್ಟ್ 2024

ಶಾಂತಲಾ,

ರೇಖಾ ನಿನ್ನೆ ಬಂದು ಕೌದಿ ತಗೊಂಡು ಹೋದಳು. ನಿನಗೆ ಮೈಲಪ್ಪ ಹೇಳಿಯೇ ಇರುತ್ತಾನೆ, ಅವನ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ. ಆದರೂ ನಾನು ಹೇಳಬೇಕು.

ಸುಧಾ ಬಂದ ದಿನ ನಾನು ಕೂಡು ಎಂದೆ, ಕೂತಳು. ನೀರು ಕೊಟ್ಟೆ, ಕುಡಿದಳು. ಅಷ್ಟೇ. ಮಧ್ಯಾಹ್ನದ ತನಕ ಇಬ್ಬರ ಸೂಜಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹಂಪವ್ವ ಮಂಡಕ್ಕಿ ಕಲಸಿ ತಂದಿಟ್ಟು, "ಹಿಂಗ ಹೊಲಿದ್ರ ಕೌದಿ ಮೂಗ ಆಕ್ಕತಿ ನೋಡ್ರಿ, ಹೊದ್ದೋರಿಗೆ ಕನಸೂ ಬೀಳಂಗಿಲ್ಲ" ಎಂದಳು. ಸುಧಾ ನಕ್ಕಳು. ನಿನ್ನ ಫೋನಿನ ಹಿಂದೆ ಕೇಳಿಸುತ್ತಿದ್ದ ಅದೇ ನಗು. ಹತ್ತಿರದಿಂದ ಅಷ್ಟು ಕೆಟ್ಟದಾಗಿಲ್ಲ.

ಅವಳು ಎಡಗೈಯವಳು ಎಂದು ನೀನು ಯಾಕೆ ನನಗೆ ಹೇಳಿರಲಿಲ್ಲ? ಒಂದೇ ಕಡೆ ಕೂತಾಗ ನಾನು ಬಲದಿಂದ ಸಾಲು ಎಳೆದುಕೊಂಡು ಬಂದರೆ ಅವಳು ಎಡದಿಂದ ಎಳೆದುಕೊಂಡು ಬರುತ್ತಾಳೆ. ಒಂದೇ ಸಾಲನ್ನು ಎರಡು ತುದಿಯಿಂದ ಹಿಡಿದು ನಡುವೆ ಕೂಡಿಸಬಹುದು. ಇಷ್ಟು ವರ್ಷ ಒಬ್ಬಳೇ ಬಟ್ಟೆಯ ಸುತ್ತ ಕೂತು ಎದ್ದು ತಿರುಗಿದ್ದೇನೆ. ಅವಳಿದ್ದರೆ ಏಳುವ ಕೆಲಸವೇ ಇಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಎರಡನೇ ದಿನವೋ ಮೂರನೇ ದಿನವೋ, ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು, "ನನ್ನ ಹೆಸರಿಗೆ ಅಷ್ಟ್ಯಾಕ ಸಿಟ್ಟು ಅಕ್ಕ ನಿಮಗ?"

"ಹೆಸರಿಗಲ್ಲವ್ವ, ಅದನ್ನ ಹೊಗಳೋ ಬಾಯಿಗೆ" ಎಂದೆ.

ಅವಳು ಹಿಡಿದ ಸಾಲು ಮುಗಿಸಿ ದಾರ ಕತ್ತರಿಸಿದಳು. ಆಮೇಲೆ ಹೇಳಿದಳು, "ನಾನು ಸೇರಿದ ಹೊಸದಾಗಿ ಶಾಂತಲಾ ಮೇಡಂ ದಿನಾ ನಿಮ್ಮ ಕೌದಿ ಬಿಡಿಸಿ, ಹಿಂಗ ಬರಬೇಕು, ಹಿಂಗ ಬರಬೇಕು ಅಂತಿದ್ರು. ಆಗ ನಾನು ನಿಮ್ಮ ಮುಖ ನೋಡಿರಲಿಲ್ಲ. ಆದ್ರೂ ನಿಮ್ಮನ್ನ ಕಂಡ್ರ ಆಗ್ತಿರಲಿಲ್ಲ."

ನನಗೆ ಎಷ್ಟು ಖುಷಿಯಾಯಿತು ಎಂದರೆ, ಮುಖದಲ್ಲಿ ಕಾಣಬಾರದೆಂದು ದಾರ ತರುವ ನೆವದಲ್ಲಿ ಒಳಗೆ ಹೋದೆ. ದಾರ ನನ್ನ ಮಡಿಲಲ್ಲೇ ಇತ್ತು, ಅವಳು ನೋಡಿದಳೋ ಏನೋ.

ರೇಖಾ ಬಂದಾಗ ಕೌದಿ ಬಿಡಿಸಿದೆವು. ಅವಳು ಒಂದೊಂದೇ ತುಂಡು ಮುಟ್ಟಿ, ಇದು ಅವ್ವ ಸಂತೆಗೆ ಉಡುತ್ತಿದ್ದದ್ದು, ಇದು ನನ್ನ ಬಾಣಂತನದಲ್ಲಿ ಉಟ್ಟದ್ದು ಎಂದು ಹೇಳುತ್ತ ಹೋದಳು. ನಾನು ಪತ್ರದ ಮಾತು ಎತ್ತಿದೆ. ನನಗೆ ಕರಿಯವ್ವ ಮರೆತಿಲ್ಲ, ನೀನು ಬರೆದದ್ದು ನನ್ನ ಕೈಯಾರೆ ಹಾಳಾಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ, ಸುಧಾಳ ಮುಂದೆಯೇ. ಏನು ಬರೆದಿದ್ದೆಯವ್ವ ಎಂದು ಕೇಳಿದೆ.

"ಅವ್ವನ ಸೀರೆ ಮೊದಲ ಸಲ ಹೊರಗ ತೆಗೆದಿದ್ದೆ ಆಗ. ಏನೇನೋ ಬರೆದಿದ್ದೆ ಅಕ್ಕ. ಈಗ ಕೂತ್ರ ಅದು ಬರಲ್ಲ" ಎಂದಳು. ಕೋಪವಿರಲಿಲ್ಲ. ಕೋಪ ಮಾಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಇವತ್ತು ಅವಳಿಂದ ಮೇಲ್ ಬಂತು, ನನ್ನ ಡಬ್ಬಿಗೆ. "ಸುಧಾ ಮತ್ತು ಸರೋಜಕ್ಕ ಅವರಿಗೆ" ಎಂದು ಶುರುವಾಗಿದೆ. ಅವಳ ಹೆಸರು ಮೊದಲು. ಓದಿ ಫೋನ್ ಮಗುಚಿ ಇಟ್ಟೆ. ಹಂಪವ್ವ, ಯಾರದು ಎಂದಳು. ಯಾರದೂ ಅಲ್ಲ ಎಂದೆ. ಪಾತ್ರೆ ತೊಳೆದು ಬಂದು ಮತ್ತೆ ತೆಗೆದು ಓದಿದೆ. ಕೌದಿ ಹೊದ್ದು ಮಲಗಿದ್ದಳಂತೆ, ಎಲ್ಲಿ ಒಬ್ಬರ ಕೈ ಮುಗಿದು ಇನ್ನೊಬ್ಬರದು ಶುರುವಾಗಿದೆ ಎಂದು ಬೆರಳಾಡಿಸಿ ಹುಡುಕಿದಳಂತೆ, ಸಿಗಲಿಲ್ಲವಂತೆ. ಸಿಗಬೇಕಿತ್ತು. ನನ್ನ ಹೊಲಿಗೆ ಸಣ್ಣದು.

ಅಳಿಸಿಲ್ಲ. ಸುಧಾಳನ್ನು ಹೊಗಳಿ ಬಂದದ್ದನ್ನು ನೀನು ನನಗೆ ಕಳಿಸುವುದನ್ನೂ ನಿಲ್ಲಿಸಬೇಡ. ಆದರೆ ಬೆಳಿಗ್ಗೆ ಕಳಿಸು. ಸಂಜೆ ಓದಿದರೆ ನನಗೆ ಊಟ ಸೇರುವುದಿಲ್ಲ.

ಸರೋಜಾ